ಒಪ್ಪಿಗೆ ಪತ್ರದ ನಂಬರು

ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅಂಬುಜಾ ಅವರಿಗೆ ಇದು ಕಟ್ಟುಕಥೆಯೆಂದು ಖಾತ್ರಿಯಾಯಿತು. ಹಿನಕಲ್‌ನ ವಿದ್ಯಾರ್ಥಿನಿ ಸಿಂಚನ ಫೋನಿನಲ್ಲಿ ಮಾಡಿದ್ದೆಂದು ಕಳಿಸಿದ ಸಂದರ್ಶನದಲ್ಲಿ ಮಂಗಳಮ್ಮ ಎಂಬ ಅಡುಗೆ ಹೆಂಗಸು ಎಲ್ಲೂ ತಡವರಿಸಿರಲಿಲ್ಲ. ಗಂಡನ ಜ್ವರವನ್ನು ಒಂಬತ್ತು ದಿನ ಬಚ್ಚಿಟ್ಟದ್ದು, ಗೊತ್ತಾದರೆ ಮನೆ ಸೀಲ್ ಮಾಡಿ ತನ್ನ ಕೆಲಸಕ್ಕೆ ಕಲ್ಲು ಹಾಕುತ್ತಾರೆಂದು ಹೆದರಿದ್ದು, ಆತ ತೀರಿಕೊಂಡಾಗ ಹಾರ್ಟ್ ಅಟ್ಯಾಕ್ ಎಂದು ಬೀದಿಗೆಲ್ಲ ಹೇಳಿದ್ದು, ಎಲ್ಲವೂ ನೀರು ಕುಡಿದಷ್ಟು ಸಲೀಸು. ಸಂಕಟದಲ್ಲಿರುವವರು ಹೀಗೆ ಮಾತಾಡುತ್ತಾರೆಯೇ?

ಇಪ್ಪತ್ತು ವರ್ಷದಿಂದ ಎಂ.ಎ. ಮಕ್ಕಳಿಗೆ ಗುಣಾತ್ಮಕ ಸಂಶೋಧನೆ ಕಲಿಸುತ್ತಿದ್ದವರಿಗೆ ಕೊರೊನಾ ಬಂದ ಮೇಲೆ ಯಾರನ್ನೂ ನಂಬದಂತಾಗಿತ್ತು. ಜನರ ಎದುರು ಕೂತು ಕೇಳಿ ಕಲಿಯಬೇಕಾದ ವಿದ್ಯೆಯನ್ನು ಕೃಷ್ಣಮೂರ್ತಿಪುರಂನ ತಮ್ಮ ಮನೆಯ ಊಟದ ಮೇಜಿನಿಂದ ಆನ್‌ಲೈನಿನಲ್ಲಿ ಹೇಳಿಕೊಡುವುದೆಂದರೆ ಕರಿಹಲಗೆಯ ಮೇಲೆ ಈಜು ಕಲಿಸಿದ ಹಾಗೆ. ಹೋದ ತಿಂಗಳು ರಾಹುಲ್ ಎಂಬ ಮಹಾಶಯ ಐದು ಜನರ ಸಂದರ್ಶನದ ರೆಕಾರ್ಡಿಂಗ್ ಕಳಿಸಿದ್ದ. ಐದರಲ್ಲೂ ಒಂದೇ ನಾಯಿ ಬೊಗಳುತ್ತಿತ್ತು.

ಸಿಂಚನಳದ್ದಕ್ಕೆ ರೆಕಾರ್ಡಿಂಗೇ ಇರಲಿಲ್ಲ. "ಬರ್ಕೊಂಡ್ಮೇಲೆ ಅಳಿಸ್ಬುಡು ಅಂದ್ರು ಮೇಡಂ, ಅಳಿಸ್ಬುಟ್ಟೆ," ಎಂದಿದ್ದಳು. ಒಳ್ಳೆ ನೆಪ. ಈ ಅಂಕ ಹೋದರೆ ಹುಡುಗಿ ಫೇಲಾಗುತ್ತಾಳೆ ಎಂಬುದು ಗೊತ್ತಿದ್ದೂ ಅಂಬುಜಾ ಸಂದರ್ಶನದ ಜೊತೆಗಿದ್ದ ಮಂಗಳಮ್ಮನ ಒಪ್ಪಿಗೆ ಪತ್ರದ ನಂಬರಿಗೆ ಫೋನ್ ಮಾಡಿದರು.

"ಮಂಗಳಮ್ಮನವರಾ? ನಾನು ಸಿಂಚನಳ ಮೇಡಂ. ನಿಮ್ಮ ಯಜಮಾನರ ಜ್ವರದ ವಿಷಯ ಅವಳ ಹತ್ರ ಹೇಳಿದ್ದು ನಿಜಾನಾ?"

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಯಾವ ಜ್ವರ? ನಮ್ಮನೇಲಿ ಯಾರ್ಗೂ ಜ್ವರ ಬಂದಿಲ್ಲ. ಸಿಂಚನ ಅನ್ನೋರೇ ನಂಗೊತ್ತಿಲ್ಲ ಕಣಮ್ಮ. ರಾಂಗ್ ನಂಬರ್."

ಅಂಬುಜಾ ಅವರಿಗೆ ಖುಷಿಯೇ ಆಯಿತು. ಸುಳ್ಳನ್ನು ಕೈಯಾರೆ ಹಿಡಿದಿದ್ದರು. ಆ ಬಿಸಿಯಲ್ಲೇ ಸಿಂಚನಳಿಗೆ ಫೋನ್ ಮಾಡಿದರು.

"ಮಂಗಳಮ್ಮನಿಗೆ ನೀನು ಯಾರು ಅಂತಲೇ ಗೊತ್ತಿಲ್ಲವಂತೆ. ಏನಂತೀಯ?"

"ಜ್ವರ ಅಂತ ಬಾಯ್ಬಿಟ್ಟು ಕೇಳಿದ್ರಾ ಮೇಡಂ?"

"ಮತ್ತೆ?"

"ಇದು ಅವ್ರು ಕೆಲಸದ ಮನೇಲಿರೋ ಹೊತ್ತು. ಫೋನ್ ಸ್ಪೀಕರ್ ಹಾಕೇ ಮಾತಾಡ್ತಾರೆ, ಕೈಯಲ್ಲಿ ಹಿಟ್ಟಿರುತ್ತೆ. ಆ ಮನೆಯೋರ್ಗೆಲ್ಲ ಕೇಳ್ಸುತ್ತೆ. ನಾನೇ ಕಟ್ಟಿದ್ದು ಅಂತ ಬರ್ಕೊಳಿ ಮೇಡಂ. ಸೊನ್ನೆ ಹಾಕ್ಬುಡಿ. ಆಯಮ್ಮಂಗೆ ಮಾತ್ರ ಇನ್ನೊಂದ್ಸಲ ಫೋನ್ ಮಾಡ್ಬೇಡಿ."

ಅಂಬುಜಾ ಅವರಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಮಾಹಿತಿ ಕೊಟ್ಟವರ ಗುಟ್ಟು ಹೊರಗೆ ಬಿಡಕೂಡದೆಂದು ಪ್ರತಿ ವರ್ಷ ಮೊದಲ ದಿನವೇ ಬರೆಸುತ್ತಿದ್ದವರು ಅವರೇ. ನಂಬದೆ ಕೇಳಿದ ಒಂದು ಪ್ರಶ್ನೆ ಯಾರ ಅಡುಗೆಮನೆಯಲ್ಲಿ ಯಾರ ಕಿವಿಗೆ ಬಿತ್ತೋ.

ಅಂಕ ಕೊಟ್ಟರೆ ಆ ಪುಟಗಳು ಹೊರಗಿನ ಪರೀಕ್ಷಕರ ಕೈಗೆ ಹೋಗಬೇಕು. ಅಲ್ಲಿಂದ ಎಲ್ಲಿಗೋ. ಎರಡು ದಿನ ಯೋಚಿಸಿದರು. ಕೊನೆಗೆ ಫೈಲನ್ನು ಅಳಿಸಿ, ಒಪ್ಪಿಗೆ ಪತ್ರವನ್ನೂ ಅಳಿಸಿ, ಸಿಂಚನಳ ಹೆಸರಿನ ಮುಂದೆ ಸೊನ್ನೆ ಹಾಕಿದರು.

ಮಾರನೆಯ ಬೆಳಿಗ್ಗೆ ಆನ್‌ಲೈನ್ ತರಗತಿಯಲ್ಲಿ ಹಾಜರಿ ಕೂಗಿದಾಗ ಸಿಂಚನ ಎಂದಿನಂತೆ "ಎಸ್ ಮೇಡಂ" ಎಂದಳು. ಅಂಬುಜಾ ಅವರಿಗೆ ಮುಂದಿನ ಹೆಸರು ಕೂಗಲಾಗಲಿಲ್ಲ. ಮೈಕ್ ಆಫ್ ಆಗಿದೆಯೆಂದುಕೊಂಡ ಮಕ್ಕಳು ಒಬ್ಬೊಬ್ಬರಾಗಿ, "ಮೇಡಂ, ಕೇಳಿಸ್ತಿಲ್ಲ," ಅನ್ನತೊಡಗಿದರು.