ಮಾಲಿಸ್ ಕೇಳಬೇಕಿದ್ದ ಬಾಗಿಲು

ಮನುಷ್ಯರ ಮಾತಿಗೆ ಕಿವುಡಾಗಿದ್ದ ಮ್ಯಾನೇಜರ್ ಲಿಮ್ ನೆಲದಜ್ಜನ ಮಾತಿಗೆ ಮಾತ್ರ ಹೆದರುತ್ತಿದ್ದ. ಅಜ್ಜ ಆ ಜಾಗದ ಹಳೆಯ ಒಡೆಯ, ನೆಲ ಕಾಯುವ ದೈವ. ಗದ್ದೆ ಮುಚ್ಚಿ ಬಟ್ಟೆ ಕಾರ್ಖಾನೆಯ ತಗಡು ಹೊದಿಸಿದಾಗ ಅವನ ಗುಡಿಯನ್ನು ಗೇಟಿನ ಮೂಲೆಗೆ ತಳ್ಳಿದ್ದರು. ಅಂದಿನಿಂದ ಅವನು ಆಗಾಗ ಹುಡುಗಿಯರ ಮೈಮೇಲೆ ಬರುತ್ತಿದ್ದ. ಹಿಂದಿನ ಬೇಸಗೆಯಲ್ಲಿ ಇಸ್ತ್ರಿಯ ಹುಡುಗಿಯೊಬ್ಬಳು ಬಿದ್ದು, ಗಡಸು ದನಿಯಲ್ಲಿ, "ಲೋ ಲಿಮ್, ನನ್ನ ಮಕ್ಕಳಿಗೆ ನೀರು ಕೊಡೋ" ಎಂದಿದ್ದಳು. ಮರುದಿನವೇ ನಲ್ಲಿ ಬಂತು. ಬಂದದ್ದು ನಿಜಕ್ಕೂ ಅಜ್ಜನೇ ಹೌದೇ ಎಂದು ಯಾರೂ ವಿಚಾರಿಸಲಿಲ್ಲ.

ಅಲ್ಲೇ ಕೆಲಸಕ್ಕಿದ್ದ ಕುಂಥಿಯಾಗೆ ಬೇಕಿದ್ದದ್ದು ಹಿಂಬಾಗಿಲು ತೆರೆಯುವುದು. ಅವಳ ತಂಗಿ ಮಾಲಿಸ್ ಹೊಲಿಯುವ ಸಾಲು ಅದರ ಪಕ್ಕದಲ್ಲೇ ಇತ್ತು. ಬಾಗಿಲಿಗೆ ಸದಾ ಬೀಗ. ಇಸ್ತ್ರಿಯ ಹಬೆ, ಬಟ್ಟೆಯ ಧೂಳು ಎಲ್ಲ ಅಲ್ಲೇ ಮಡುಗಟ್ಟುತ್ತಿದ್ದವು. ಮಾಲಿಸ್ ಇತ್ತೀಚೆಗೆ ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುತ್ತಿದ್ದಳು. ಕುಂಥಿಯಾ ಹೋಗಿ ಕೇಳಿದ್ದಳು. "ಬಾಗಿಲು ತೆಗೆದ್ರೆ ಗಾಳಿ ಒಳಗೆ ಬರುತ್ತೆ, ಅಂಗಿ ಹೊರಗೆ ಹೋಗುತ್ತೆ" ಎಂದು ಲಿಮ್ ನಕ್ಕಿದ್ದ.

ಅಂಗಿ ಕೊಳ್ಳುವ ಕಡಲಾಚೆಯ ಕಂಪನಿಯವರು ತಪಾಸಣೆಗೆ ಬರುವ ಸುದ್ದಿ ಬಂದಾಗ ಅವಳಿಗೊಂದು ಉಪಾಯ ಹೊಳೆಯಿತು.

"ನೀನೇ ಬೀಳೇ" ಎಂದಳು ತಂಗಿಗೆ, ಬಾಡಿಗೆ ಕೋಣೆಯಲ್ಲಿ ಅನ್ನಕ್ಕೆ ಒಣಮೀನು ಹಾಕುತ್ತಾ. "ಕಂಪನಿ ಹೆಂಗಸು ನಿಮ್ಮ ಸಾಲಿಗೆ ಬಂದಾಗ. ಬಾಗಿಲು ತೆಗಿಯೋ ಅಂತ ಅಜ್ಜನ ಹಾಗೆ ಗದರು. ಅವಳೆದುರಿಗೆ ಆಗಲ್ಲ ಅನ್ನೋ ಧೈರ್ಯ ಲಿಮ್‌ಗಿಲ್ಲ."

"ನೀನ್ಯಾಕೆ ಬೀಳಬಾರದು?"

"ನಾನು ಬಿದ್ರೆ ಅಕ್ಕಿ ಮೂಟೆ ಬಿದ್ದ ಹಾಗಿರುತ್ತೆ. ಊರವರನ್ನೆಲ್ಲ ಅಣಕಿಸೋಳು ನೀನು."

"ಅಜ್ಜ ಸಿಟ್ಟಾದ್ರೆ ಅಕ್ಕಾ?"

"ಅಜ್ಜನಿಗೂ ಸೆಕೆಯಾಗುತ್ತೆ ಕಣೇ."

ಮಾಲಿಸ್ ನಕ್ಕಳು, ಕೆಮ್ಮಿದಳು, ಆಮೇಲೆ ಗಂಡುದನಿ ತೆಗೆದಳು: "ಲೋ ಲಿಮ್, ಹೊಟ್ಟೆ ಒಳಗೆಳ್ಕೊಳ್ಳೋ, ಗಾಳಿಗೆ ಜಾಗ ಬಿಡೋ!"

ತಪಾಸಣೆಯ ದಿನ ಶೌಚಾಲಯದಲ್ಲಿ ಹೊಸ ಸೋಪು, ಎಲ್ಲರಿಗೂ ಹೊಸ ಮುಖಗವಸು. ಕಂಪನಿಯ ಹೆಂಗಸು ದುಭಾಷಿಯೊಡನೆ ಇನ್ನೂ ಕತ್ತರಿಸುವ ಮೇಜುಗಳ ಹತ್ತಿರ ಇದ್ದಳು. ಅಷ್ಟರಲ್ಲೇ ಮಾಲಿಸ್ ಕುರ್ಚಿಯಿಂದ ಜಾರಿ ಬಿದ್ದಳು.

ಆತುರಗೇಡಿ, ಎಂದುಕೊಂಡಳು ಕುಂಥಿಯಾ. ಸ್ವಲ್ಪ ತಡೆಯಬಾರದಿತ್ತೇ?

ಯಂತ್ರಗಳು ನಿಂತವು. ಹುಡುಗಿಯರು ಸುತ್ತ ಮಂಡಿಯೂರಿದರು. ಎಲ್ಲರಿಗಿಂತ ಹಿರಿಯಳಾದ ಸಾವೋನ್ ಚಿಕ್ಕಮ್ಮ ಊದುಬತ್ತಿ ಹಚ್ಚಿದಳು. ಮೈಮೇಲೆ ಬಂದವರನ್ನು ಅಜ್ಜ ಬಿಟ್ಟುಹೋಗುವವರೆಗೆ ಮುಟ್ಟುವ ಹಾಗಿಲ್ಲ. ಔಷಧಿ ಪೆಟ್ಟಿಗೆ ಹಿಡಿದ ನರ್ಸ್ ಕೂಡ ದೂರವೇ ನಿಂತಳು.

ಕಂಪನಿಯ ಹೆಂಗಸು ಗಾಬರಿಯಿಂದ ಧಾವಿಸಿದಳು. "ಇದು ಇವರ ದೇವರು, ನಡುವೆ ಹೋಗಬಾರದು" ಎಂದ ದುಭಾಷಿ. ಅವಳು ಥಟ್ಟನೆ ನಿಂತಳು. ಬೂಟು ಕಳಚಿ, ತಾನೂ ಕೈಮುಗಿದಳು.

"ಏನು ಬೇಕು ಹೇಳಪ್ಪಾ" ಎಂದು ಸಾವೋನ್ ಅಂಗಲಾಚಿದಳು. ಲಿಮ್ ಕೂಡ ಬಂದು ಮಂಡಿಯೂರಿದ. ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗದು. ಕುಂಥಿಯಾ ತೆವಳಿಕೊಂಡು ತಂಗಿಯ ಬಳಿ ಹೋಗಿ ಪಿಸುಗುಟ್ಟಿದಳು, "ಈಗ ಕೇಳೇ, ಬಾಗಿಲು."

ಮುಖಗವಸು ಸರಿದಿದ್ದ ಮಾಲಿಸಳ ತುಟಿ ನೀಲಿಗಟ್ಟಿತ್ತು.

"ಸಾಕು ಕಣೇ" ಎಂದು ತಂಗಿಯ ಅಂಗಾಲು ಚಿವುಟಿದಳು. ಚಿಕ್ಕಂದಿನಿಂದಲೂ ಅಲ್ಲಿ ಬೆರಳು ತಾಗಿದರೆ ಸಾಕು, ಮಾಲಿಸ್ ಹೊರಳಾಡಿ ನಗುತ್ತಿದ್ದಳು. ಆ ಸೆಕೆಯಲ್ಲಿ ಪಾದ ತಣ್ಣಗಿತ್ತು.

"ಬಾಗಿಲು ತೆಗಿಯೋ!" ಕುಂಥಿಯಾಳ ಗಂಟಲಿಂದ ಬಂದದ್ದು ಅವಳೇ ಎಂದೂ ಕೇಳದ ದನಿ. "ಲಿಮ್! ಆಸ್ಪತ್ರೆಗೆ ಒಯ್ಯಿರೋ! ಇವಳಿಗೆ ಉಸಿರಿಲ್ಲ!"

ಸುತ್ತಲಿನ ಹಣೆಗಳೆಲ್ಲ ನೆಲ ಮುಟ್ಟಿದವು. ಅಜ್ಜ ತಂಗಿಯನ್ನು ಬಿಟ್ಟು ಅಕ್ಕನ ಮೇಲೆ ಬಂದಿದ್ದ.

"ತಪ್ಪಾಯ್ತು ಅಜ್ಜಾ, ತಪ್ಪಾಯ್ತು! ಇಡೀ ಹಂದಿ ಸುಟ್ಟು ಬಡಿಸ್ತೀನಿ!" ಲಿಮ್ ಓಡಿಹೋಗಿ ಬೀಗ ತೆರೆದು ಕದ ತಳ್ಳಿದ.

"ನಾನು ಅಜ್ಜ ಅಲ್ಲ, ಕುಂಥಿಯಾ! ಬಾ ಚಿಕ್ಕಮ್ಮಾ, ಕಾಲು ಹಿಡ್ಕೋ ಬಾ!"

"ಪರೀಕ್ಷೆ ಮಾಡ್ತಿದ್ದಾನೆ" ಎಂದಳು ಸಾವೋನ್ ಪಕ್ಕದವಳಿಗೆ. "ಮುಟ್ಟಬೇಡ್ರೇ ಯಾರೂ."

ಕುಂಥಿಯಾ ತಂಗಿಯ ಕಂಕುಳಿಗೆ ಕೈಕೊಟ್ಟು ಒಬ್ಬಳೇ ಎಳೆದಳು. ಹುಡುಗಿಯರು ಮುಗಿದ ಕೈ ಬಿಡದೆ ಸರಿದು ದಾರಿ ಕೊಟ್ಟರು. ಮಾಲಿಸಳ ಹಿಮ್ಮಡಿಗಳು ನೂಲಿನ ಚೂರುಗಳನ್ನು ಎಳೆದುಕೊಂಡು ಬಂದವು. ಹೊಸಿಲಿನಲ್ಲಿ ಬಯಲ ಗಾಳಿ ಒಮ್ಮೆಲೇ ನುಗ್ಗಿ ಸಾಲುಸಾಲಾಗಿ ಎಲ್ಲರ ಕೂದಲು ಹಾರಿಸಿತು.

"ಅಬ್ಬಾ, ಎಷ್ಟು ತಂಪು" ಎಂದು ಹಿಂದೆ ಯಾರೋ ಪಿಸುಗುಟ್ಟಿದರು.