ಮಡಿಚುವ ಕೋಣೆಯ ಜೋಡಿ

ಬೆಡ್‌ಶೀಟು ಮತ್ತೆ ಹಗ್ಗದ ಹಾಗೆ ತಿರುಚಿಕೊಂಡಿತು. ಅದರ ಒಂದು ತುದಿ ಹಿರಿಯಕ್ಕನ ಕೈಯಲ್ಲಿತ್ತು, ಇನ್ನೊಂದು ತುದಿ ಅವಳ ಬೀಗಿತ್ತಿಯ ಕೈಯಲ್ಲಿ.

"ಎಡಕ್ಕೆ ಎಳೀತೀರೋ ಬಲಕ್ಕೋ, ಮೊದಲೇ ಹೇಳಿಬಿಡಿ," ಎಂದಳು ಬೀಗಿತ್ತಿ. "ನಾನೇನು ಕಣಿ ಹೇಳೋಳಲ್ಲ."

ಹಿರಿಯಕ್ಕ ಬಟ್ಟೆ ಕೊಡವಿದಳು. ಹೋಟೆಲುಗಳ ಬಟ್ಟೆ ಒಗೆದು ಕಳಿಸುವ ಈ ಲಾಂಡ್ರಿಯಲ್ಲಿ ಮಡಿಚುವ ಕೋಣೆ ಅವಳ ಸುಪರ್ದಿಗೆ ಸೇರಿದ್ದು. ಒಂದು ಕಾಲಕ್ಕೆ ಇಲ್ಲಿ ಊರಿನ ಹೆಂಗಸರೇ ಇದ್ದರು. ಕಡಿಮೆ ಕೂಲಿಗೂ ದುಡಿಯುವ ಗಡಿಯಾಚೆಯವರು ಬಂದ ಮೇಲೆ ಕೂಲಿ ನಿಂತಲ್ಲೇ ನಿಂತಿತು. ಊರಿನವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹುಡುಕಿಕೊಂಡರು. ಬೀಗಿತ್ತಿ ಒಂದು ಬಟ್ಟೆ ಅಂಗಡಿ ಸೇರಿದಳು. ಗಡಿಯಾಚೆಯವರ ಅಗ್ಗದ ಕೈಗಳನ್ನು ನಂಬಿಯೇ ಹೊಸ ಹೋಟೆಲುಗಳೂ ಎದ್ದವು. ಈಗ ಬಂದರಿನ ಕಡೆ ಹೆಚ್ಚು ಕೂಲಿ ಎಂದು ಗಡಿಯಾಚೆಯವರು ಹೊರಟುಹೋಗಿದ್ದರು. ಬೀಗಿತ್ತಿ ಸೇರಿದ್ದ ಅಂಗಡಿಗೆ ಗಿರಾಕಿಗಳಾಗಿದ್ದವರೂ ಅವರೇ ಎಂಬುದು ಅದು ಬಾಗಿಲು ಹಾಕಿದ ಮೇಲೆ ಗೊತ್ತಾಯಿತು. ಅವಳು ಕೆಲಸ ಕೇಳಿಕೊಂಡು ಇಲ್ಲಿಗೆ ಬಂದಳು. ಲಾಂಡ್ರಿಯ ಯಜಮಾನರು ಕೂಲಿ ಏರಿಸಿದರು. ಅದರ ಜೊತೆಗೇ ಮಡಿಚುವ ಮೆಷಿನ್ನಿನ ಬೆಲೆಯನ್ನೂ ವಿಚಾರಿಸಿದರು.

"ಸಂಜೆ ವ್ಯಾನಿಗೆ ಈ ರಾಶಿ ಮುಗಿದರೆ ನಿಮ್ಮ ಬೀಗಿತ್ತಿ ಇರಲಿ," ಎಂದು ಬೆಳಿಗ್ಗೆ ಹೇಳಿದ್ದರು. "ಇಲ್ಲದಿದ್ದರೆ ಮೆಷಿನ್ನೇ ತರಿಸ್ತೀನಿ."

ಹಿರಿಯಕ್ಕನ ಮಗಳೇ ಬೀಗಿತ್ತಿಯ ಸೊಸೆ. ಅವಳ ಕೂಸು ಇನ್ನೂ ಮೊಲೆಹಾಲು ಕುಡಿಯುತ್ತಿತ್ತು. ಅತ್ತೆಗೆ ಕೆಲಸ ಸಿಕ್ಕದಿದ್ದರೆ ಕೂಸನ್ನು ಬಿಟ್ಟು ಅವಳೇ ದುಡಿಯಲು ಹೊರಡಬೇಕಿತ್ತು.

"ಹೋದ ಆ ಗಡಿಯಾಚೆಯವಳ ಜೊತೆ ಇಷ್ಟು ಚೆನ್ನಾಗಿ ಮಡಿಚ್ತಿದ್ರಲ್ಲ," ಎಂದಳು ಬೀಗಿತ್ತಿ. "ನನ್ನ ಕೈಗೇನು ಬಂತು ರೋಗ? ಅಲ್ಲಾ, ಅಂಗಡೀಲಿ ಸೀರೆ ಮಡಿಚಿ ಮಡಿಚಿ..."

ಬಟ್ಟೆ ಮತ್ತೆ ತಿರುಚಿತು. ಈ ಸಲ ಹಿರಿಯಕ್ಕನಿಗೆ ತಪ್ಪು ಕಂಡಿತು. ಗಡಿಯಾಚೆಯ ಆ ಜೊತೆಗಾತಿಗೂ ತನಗೂ ನಡುವೆ ಒಂದು ಮಾತೂ ಇರಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಕೆಯ ಗಲ್ಲ ಒಂದಿಷ್ಟು ಅಲುಗಿದರೆ ಮಡಿಚು ಎಂದರ್ಥ. ವರ್ಷಾನುಗಟ್ಟಲೆ ಹಾಗೆ ದುಡಿದ ಹಿರಿಯಕ್ಕನ ಕೈ ಈಗ ಬೀಗಿತ್ತಿಯ ಗಲ್ಲ ಅಲುಗಿದಾಗಲೆಲ್ಲ ತಾನಾಗಿ ಮಡಿಚುತ್ತಿತ್ತು. ಆ ಗಲ್ಲವೋ, ಬೆಳಗಿನಿಂದ ಒಂದು ಗಳಿಗೆ ಸುಮ್ಮನಿದ್ದದ್ದಿಲ್ಲ.

"ನೀವು ಸ್ವಲ್ಪ ಮಾತು ನಿಲ್ಲಿಸಿದ್ರೆ..."

"ಮಗಳನ್ನ ಕೊಟ್ಟ ಮನೆಯವಳಿಗೆ ಬಾಯಿ ಮುಚ್ಚು ಅಂತೀರಾ?"

"ಅಯ್ಯೋ, ಹಾಗಲ್ಲ." ಹಿರಿಯಕ್ಕ ನಡೆದದ್ದನ್ನು ಹೇಳಿದಳು.

ಬೀಗಿತ್ತಿ ಗಲ್ಲ ಮುಟ್ಟಿ ನೋಡಿಕೊಂಡಳು. "ಹಾಗಾದ್ರೆ ಇಷ್ಟು ಹೊತ್ತು ಇದೇ ಇಲ್ಲಿ ಮೇಸ್ತ್ರಿ."

ಹೇಳಿದಷ್ಟು ಸುಲಭವಾಗಿ ಅವಳಿಗೆ ಬಾಯಿ ಕಟ್ಟಲಾಗಲಿಲ್ಲ. ಕೊನೆಗೆ ಹಿರಿಯಕ್ಕ ಅವಳ ಮುಖ ನೋಡುವುದನ್ನೇ ಬಿಟ್ಟಳು. ಬಟ್ಟೆಯ ಅಂಚಿನಲ್ಲಿ ಕಣ್ಣಿಟ್ಟು, ಚಿಕ್ಕಂದಿನಲ್ಲಿ ಅಪ್ಪ ಓದುತ್ತಿದ್ದ ದೇವರ ಪದ್ಯಗಳನ್ನು ಸಣ್ಣ ದನಿಯಲ್ಲಿ ಹೇಳತೊಡಗಿದಳು. ಸಾಲು ಮುಗಿದು ಉಸಿರು ನಿಂತಲ್ಲಿ ಎಳೆದಳು. ಮುಂದಿನ ಸಾಲು ಮುಗಿದಾಗ ಮಡಿಚಿದಳು. ಸಾಲಿನ ಕೊನೆ ಯಾವಾಗ ಬರುವುದೋ ಎಂದು ಬೀಗಿತ್ತಿ ಕಿವಿಗೊಡಲೇಬೇಕಾಯಿತು.

"ಆಳು ಸಿಗಲಿಲ್ಲಾಂತ ದೇವರನ್ನೇ ಕೂಲಿಗೆ ಕರೆದ್ರಲ್ಲ," ಎಂದಳು ನಡುವೆ ಒಮ್ಮೆ. ಆಮೇಲೆ ಅವಳ ಕೈಯೂ ಸಾಲಿಗೆ ಸರಿಯಾಗಿ ಮಡಿಚತೊಡಗಿತು. ರಾಶಿ ಇಳಿಯುತ್ತ ಬಂತು. ಹಿರಿಯಕ್ಕನ ಭುಜ ಮರಗಟ್ಟಿತು, ದನಿ ಒಡೆಯಿತು. ಆದರೂ ಬರುವ ಪದ್ಯಗಳನ್ನೆಲ್ಲ ಹೇಳಿ ಮೊದಲಿನಿಂದ ಶುರುಮಾಡಿದಳು.

ವ್ಯಾನು ತುಂಬಿ ಹೋದ ಮೇಲೆ ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಮುಖದಲ್ಲಿ ಗೆಲುವಿರಲಿಲ್ಲ.

"ಕೆಲಸ ಚೆನ್ನಾಗೇ ಆಯ್ತು. ಆದರೆ ಹೋಟೆಲಿನವರು ಈಗ ತಾನೇ ಫೋನ್ ಮಾಡಿದ್ರು. ಅವರಿಗೂ ಹಾಸಿಗೆ ಹಾಸೋಕೆ ಜನ ಇಲ್ಲ. ಗಿರಾಕಿ ರೂಮು ಬಿಟ್ಟ ಮೇಲಷ್ಟೇ ಶೀಟು ಬದಲಾಯಿಸ್ತಾರಂತೆ. ನಮಗೆ ಬರೋದು ಇನ್ನು ಅರ್ಧ. ಬಟ್ಟೆಯ ಆ ತುದಿ ಹಿಡಿಯೋಕೆ ಇಸ್ತ್ರಿಯವಳು ಸಾಕು. ಮೆಷಿನ್ ತರಲ್ಲ, ಆದರೆ ನಿಮ್ಮಿಬ್ಬರಲ್ಲಿ ಒಬ್ಬರೇ ಇರಬೇಕಾಗುತ್ತೆ. ನೀವು ಹಳಬರು, ನೀವೇ ಇರಿ."

ಬೀಗಿತ್ತಿ ಚೀಲ ಕೈಗೆತ್ತಿಕೊಂಡಳು.

"ಅರ್ಧ ದಿನ ನಾನು, ಅರ್ಧ ದಿನ ಅವರು ಮಾಡ್ತೀವಿ," ಎಂದಳು ಹಿರಿಯಕ್ಕ.

ಯಜಮಾನರು ಅವಳ ಮುಖ ನೋಡಿದರು. "ಕೂಲಿನೂ ಅರ್ಧವೇ."

"ಗೊತ್ತು."

ಅವರು ತಲೆಯಾಡಿಸಿ ಹೋದರು. ಹಿರಿಯಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಳಿತು ಕಾಲು ಚಾಚಿದಳು. "ಅರ್ಧ ಬಂದ್ರೂ ನಮ್ಮ ಹುಡುಗಿ ಮನೇಲಿರಬಹುದು ತಾನೇ?"

"ಇರಬಹುದು. ಹಾಲಿಗೆ ನೀರು ಜಾಸ್ತಿ ಬೀಳುತ್ತೆ, ಅಷ್ಟೆ. ನಿಮಗೆ ಸಾಕಾಗುತ್ತಾ?"

"ನನ್ನದು ಒಂದೇ ಹೊಟ್ಟೆ. ಅವಳಿಗೆ ಇದನ್ನೆಲ್ಲ ಹೇಳೋಕೆ ಹೋಗ್ಬೇಡಿ."

ಬೀಗಿತ್ತಿ ಪಕ್ಕದಲ್ಲಿ ಕುಳಿತಳು. ಹಿರಿಯಕ್ಕನ ಒಂದು ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಅಂಗಾಲು ಒತ್ತತೊಡಗಿದಳು.

"ಬಿಡಿ ಬೀಗಿತ್ತಿ. ಗಂಡಿನ ಕಡೆಯವರು ನೀವು. ಯಾರಾದ್ರೂ ನೋಡ್ತಾರೆ."

"ನೋಡ್ಲಿ," ಎಂದಳು ಬೀಗಿತ್ತಿ. "ಆ ಕಾಲನ್ನೂ ಈ ಕಡೆ ಹಾಕಿ."