ಕಂಡುಬರದ ಗೋಡೆ

ನಮ್ಮ ಅತ್ತೆ ತಾರಾಬಾಯಿಯವರ ಅಡುಗೆಮನೆಯಲ್ಲಿ ಸೂರ್ಯ ನಾಲ್ಕಕ್ಕೇ ಮುಳುಗುತ್ತಿದ್ದ. ಗೋಕಾಕದ ಉಳಿದೆಡೆ ಅವನು ಆರರವರೆಗೆ ಇರುತ್ತಿದ್ದ. ೧೯೯೮ರಲ್ಲಿ ಪಕ್ಕದ ಮನೆಯವರು ಮೇಲೆ ಮತ್ತೆರಡು ಮಹಡಿ ಏರಿಸಿ, ನಮ್ಮ ಅಡುಗೆಮನೆಯ ಒಂದೇ ಕಿಟಕಿಯನ್ನು ಕುರುಡು ಮಾಡಿದ್ದರು.

ಜೈನರಾದ ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ವ್ರತ ಹಿಡಿದ ಅತ್ತೆಯವರಿಗಂತೂ ಅಂಗೈ ಗೆರೆ ಕಾಣದಿದ್ದರೆ ಅದೇ ರಾತ್ರಿ. ಹುಳ ಬಿದ್ದು ಸಾಯುತ್ತವೆಂದು ಅವರ ಚೌಕದಲ್ಲಿ, ಎಂದರೆ ಮಡಿಯ ಅಡುಗೆಮನೆಯಲ್ಲಿ, ದೀಪವೂ ಇಲ್ಲ. ಅಲ್ಲಿ ಬೆಂದದ್ದನ್ನು ಹೊರಗೊಯ್ದು ಉಣ್ಣುವಂತೆಯೂ ಇಲ್ಲ. ಪೂಜೆ ಮುಗಿದು ಮಧ್ಯಾಹ್ನದ ಊಟವಾಗುವುದೇ ಎರಡಕ್ಕೆ. ಮತ್ತೆ ಹಸಿವಾಗುವಷ್ಟರಲ್ಲಿ ಒಳಗೆ ಕತ್ತಲು. ಹೀಗೆ ಸಂಜೆಯ ಊಟ ತಪ್ಪಿ ತಪ್ಪಿ, ಅವರ ಬಳೆ ಮೊಣಕೈವರೆಗೆ ಜಾರತೊಡಗಿದವು.

ಅಡುಗೆಮನೆಯ ಹಿಂಗೋಡೆಯ ಆಚೆ, ನನ್ನ ಗಂಡ ಶ್ರೀಪಾಲ ಅರಿವೆ ಅಂಗಡಿಯ ಹಳೆಯ ಷೋಕೇಸುಗಳ ಗಾಜಿನಿಂದ ಕಟ್ಟಿಸಿದ ಕೋಣೆಯಿತ್ತು. ಪಡುವಣದ ಬಿಸಿಲನ್ನು ಅವರ ದಾಸವಾಳದ ಕುಂಡಗಳು ಕೊನೆಯ ಕಿರಣದವರೆಗೆ ಉಣ್ಣುತ್ತಿದ್ದವು.

“ಗಿಡಕ್ಕ ಬಿಸಿಲ, ಹಡದಾಕಿಗೆ ಕತ್ತಲಿ,” ಎಂದರು ಅತ್ತೆ. “ನಡುವಿನ ಗೋಡಿ ತಗಸಪಾ. ಎರಡೂ ಕೂಡಿ ಒಂದ ಚೌಕ ಆಗತೈತಿ. ಬಸದಿ ಪಂಡಿತರು ಹೂಂ ಅಂದಾರ.”

ಪಂಡಿತರ ಅಪ್ಪಣೆ ಒಂದೇ ಅಕ್ಷರದಲ್ಲಿ ಮುಗಿದಿತ್ತು. ಆದರೆ ಮನೆಯ ಹೊರಗೋಡೆ ಒಡೆಯಲು ಕಟ್ಟಡ ಕಚೇರಿಯ ಪರವಾನಿಗೆ ಬೇಕಿತ್ತು. ಅಲ್ಲಿ ಸ್ಥಳ ನೋಡುವ ಕೆಲಸ ಪರಪ್ಪನವರದು.

“ಗೋಡಿ ದಪ್ಪ ಎಷ್ಟೈತ್ರಿ?” ಎಂದು ಕಚೇರಿಗೆ ಹೋದ ನಮ್ಮನ್ನು ಅವರು ಕೇಳಿದರು.

“ತೂತು ಕೊರದ ನೋಡಬೇಕ್ರಿ,” ಎಂದರು ಶ್ರೀಪಾಲ.

“ಕೊರಿಯಾಕ ಪರವಾನಿಗಿ ಬೇಕಲ್ರಿ.”

“ಹಂಗಾರ ಅದನ್ನರ ಕೊಡ್ರಿ.”

“ದಪ್ಪ ಗೊತ್ತಿಲ್ದ ಹೆಂಗ ಕೊಡೂದ್ರಿ?”

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಮನೆಯ ಹೊರಗಿನ ಉದ್ದದಿಂದ ಒಳಗಿನ ಉದ್ದ ಕಳೆದರೆ ದಪ್ಪ ಸಿಗುತ್ತದೆ ಎಂದೆ. ಪರಪ್ಪ ಮರುಕದಿಂದ ನೋಡಿದರು. “ಮೇಡಮ್ಮಾರ, ಕಳದ ಬಂದದ್ದು ಅಂದಾಜು. ಕಣ್ಣಿಲೆ ಕಂಡದ್ದು ಅಳತಿ. ನಾನ ಬಂದ ನೋಡತೇನಿ.”

ಕಚೇರಿಯ ಚಹಾ ಮುಗಿಸಿ ಅವರು ಬರುವ ಹೊತ್ತಿಗೆ ನಾಲ್ಕು ದಾಟಿತ್ತು. ಚೌಕದೊಳಗೆ ಕಾಲಿಡಲು ಸ್ನಾನ ಆಗಬೇಕೆಂದು ಅತ್ತೆ ಹಟ ಹಿಡಿದರು. ಪರಪ್ಪ ತಣ್ಣೀರು ಸುರಿದುಕೊಂಡು, ಶ್ರೀಪಾಲರ ಮಡಿ ಧೋತರ ಉಟ್ಟು, ಟೇಪು ಹಿಡಿದು ಒಳಹೊಕ್ಕರು. ದಪ್ ಎಂದು ಸದ್ದಾಯಿತು.

“ಲೈಟ್ ಹಚ್ರೀ!”

“ಚೌಕದಾಗ ದೀಪ ಹಚ್ಚೂದಿಲ್ಲೊ ತಮ್ಮಾ.”

“ಗೋಡಿ ಎಲ್ಲೈತ್ರಿ?”

“ಈಗ ಹಣಿಗೆ ಬಡೀತಲ್ಲ, ಅದ.”

“ಬಡದದ್ದು ಖರೆ ಆಯಿ, ಕಂಡಿಲ್ಲ. ನಾ ಕಂಡದ್ದಷ್ಟ ಬರಿಯಾಂವ.”

ಹಣೆ ಉಜ್ಜಿಕೊಳ್ಳುತ್ತ ಹೋದವರು ಕಂಡದ್ದನ್ನಷ್ಟೇ ಬರೆದರು. ಮುಂದಿನ ವಾರ ಕಚೇರಿಯ ಉತ್ತರ ಬಂತು: ‘ಸ್ಥಳ ಪರಿಶೀಲನೆಯಲ್ಲಿ ಸದರಿ ಗೋಡೆ ಕಂಡುಬಂದಿರುವುದಿಲ್ಲ. ಇಲ್ಲದ ಗೋಡೆಯನ್ನು ಒಡೆಯಲು ಪರವಾನಿಗೆಯ ಅಗತ್ಯವಿರುವುದಿಲ್ಲ.’

“ಇದರ ಅರ್ಥ ಒಡೀರಿ ಅಂತೋ, ಒಡೀಬ್ಯಾಡ್ರಿ ಅಂತೋ?” ಎಂದು ಶ್ರೀಪಾಲ ನನ್ನ ಮುಖ ನೋಡಿದರು. ಇಲ್ಲದ್ದನ್ನು ಕೆಡವುವುದು ಅಪರಾಧವಾಗಲು ಮೊದಲು ಅದು ಇರಬೇಕು, ಇತ್ತೆಂದು ಹೇಳಲು ಕಚೇರಿ ತಾನೇ ಸುಳ್ಳಾಗಬೇಕು ಎಂದು ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಗೌಂಡಿ ಮಾಲಿಂಗಪ್ಪನಿಗೆ ಹೇಳಿ ಕಳುಹಿಸಿಯಾಗಿತ್ತು. ಅವನು ಮೊದಲು ಮೇಲೆ ಕಬ್ಬಿಣದ ತೊಲೆ ಕೂರಿಸಿ, ಆಮೇಲೆ ಗೋಡೆ ಇಳಿಸಿದ. ಕುಂಡಗಳು ಮಾಳಿಗೆ ಸೇರಿದವು.

ನೆಲ ತೊಳೆದ ದಿನ ಸಂಜೆ ಐದಕ್ಕೆ ಅತ್ತೆ ಗಾಜಿನ ಕೆಳಗೆ ತಾಟು ಹಾಕಿಕೊಂಡು ಕೂತರು. ಅಂಗೈ ನೋಡಿಕೊಂಡರು. ಗೆರೆಯಷ್ಟೇ ಅಲ್ಲ, ಹಳೆಯ ಸುಟ್ಟ ಕಲೆಯೂ ಕಂಡಿತು. ಅವರದು ಮೌನದ ಊಟ. ನಡುವೆ ಮಾತಾಡಿದರೆ ಊಟ ಅಲ್ಲಿಗೇ ಮುಗಿದಂತೆ.

ಎರಡು ತುತ್ತು ಒಳಗೆ ಹೋಗಿರಬೇಕು, ಗಾಜಿನಾಚೆ ಪರಪ್ಪನವರ ಮುಖ ಕಾಣಿಸಿತು.

“ಆಯಿ, ಗೋಡಿ ಎಲ್ರಿ?”

ಶ್ರೀಪಾಲ ಕೈಯ ತಂಬಿಗೆ ಕೆಳಗಿಟ್ಟರು. ಅತ್ತೆ ತುತ್ತು ಕಲಸುತ್ತಲೇ ಇದ್ದರು. ಪರಪ್ಪ ಗಾಜಿಗೆ ಮೂಗು ಒತ್ತಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ತೊಲೆಯನ್ನೂ ನೋಡಿದರು.

“ಹ್ವಾದ ಸಲ ಕಂಡಿರಲಿಲ್ಲ,” ಎಂದರು ಕೊನೆಗೆ. “ಈ ಸಲಾನೂ ಕಾಣವಲ್ದು. ನನ್ನ ವರದಿ ಬರೋಬರಿ ಐತಿ. ಹೌದಲ್ರಿ ಆಯಿ?”

ಅತ್ತೆ ನನ್ನತ್ತ ತಿರುಗಿ ಒಂದು ಬೆರಳೆತ್ತಿದರು. ನಾನು ಇನ್ನೊಂದು ರೊಟ್ಟಿ ಬಡಿಸಿದೆ.